ಕಬ್ಬಿಣದ ಕವಚಕ್ಕೆ ಎರಡು ಸಲ ಆರು

ತಕ್ಕಡಿಯಣ್ಣನಿಗೆ ಭಾಮೈದನ ಮೇಲೆ ಗುಮಾನಿ ಹುಟ್ಟಿದ್ದು ಹನ್ನೊಂದನೆಯ ಭಾನುವಾರ. ಗುಮಾನಿ ಅವನಿಗೆ ಹೊಸದೇನಲ್ಲ ಬಿಡಿ. ಮೂವತ್ತು ವರ್ಷದಿಂದ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿಕೊಂಡು ಬಂದವನು. ತೂಕದ ಬಟ್ಟು ಕಂಡರೆ ಮೊದಲು ಮಗುಚಿ, ಅಡಿಯ ಸೀಸವನ್ನು ಯಾರಾದರೂ ಕೆರೆದಿದ್ದಾರೋ ಎಂದು ನೋಡುವವನು. ತನ್ನ ನೆರಳು ಒಂದಂಗುಲ ಉದ್ದವಾದರೂ ವಿಚಾರಣೆ ಮಾಡುವ ಮನುಷ್ಯ ಎಂದು ಪೇಟೆಯವರು ಆಡಿಕೊಳ್ಳುತ್ತಿದ್ದರು. ಆದರೆ ಮನೆಯವರ ಮೇಲೆ ಗುಮಾನಿ ಪಡುವುದೆಂದರೆ ಬೇರೆ ಮಾತು.

ಊಟದ ಮೇಜಿನ ಮೇಲೆ ಕಾಗದ, ಪೆನ್ಸಿಲ್, ದಾಳ ಹರಡಿಕೊಂಡು ಆಡುವ ಕಥೆಯ ಆಟ ಅವರದು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಗುಹೆ, ಕೋಟೆ, ರಾಕ್ಷಸರು ಎಲ್ಲವನ್ನೂ ನಡೆಸುವವನು ತಕ್ಕಡಿಯಣ್ಣ. ಮನೆಗೆ ಈ ಹುಚ್ಚು ಹತ್ತಿಸಿದವಳು ಅವನ ಹೆಂಡತಿ. ಕಬ್ಬಿಣದ ಕವಚ ತೊಟ್ಟ ಯೋಧೆ ಅವಳ ಪಾತ್ರ. ಅವಳು ತೀರಿಕೊಂಡ ಮೇಲೆ, ಹನ್ನೊಂದು ಭಾನುವಾರದಿಂದ, ಆ ಯೋಧೆಯನ್ನು ಅವಳ ತಮ್ಮ ಆಡಿಸುತ್ತಿದ್ದ. ಬಸ್ ಡ್ರೈವರ್ ಆತ. ಕಾಲೇಜಿಗೆ ಹೋಗುವ ಮಗಳದು ಮಾಂತ್ರಿಕೆ. ಆಟ ನಿಂತರೆ ಭಾಮೈದ ಈ ಮನೆಯ ಮೆಟ್ಟಿಲು ಹತ್ತಲು ಇನ್ನೊಂದು ನೆಪವಿರಲಿಲ್ಲ. ಹೆಂಡತಿಯ ಕಡೆಯವರು ಅಂತ ಉಳಿದವನು ಅವನೊಬ್ಬನೇ. ಇದೆಲ್ಲ ಗೊತ್ತಿದ್ದೂ ತಕ್ಕಡಿಯಣ್ಣನ ತಲೆಗೆ ಹುಳ ಹೊಕ್ಕಿತು.

ನೀವೇ ಹೇಳಿ, ಹನ್ನೊಂದು ವಾರದಲ್ಲಿ ಮಗಳ ಮಾಂತ್ರಿಕೆಯರು ಮೂವರು ಸತ್ತರು, ಯೋಧೆಗೆ ಒಂದು ಗೀರೂ ಬಿದ್ದಿಲ್ಲ ಎಂದರೆ ಏನರ್ಥ? ಕವಚದ ನಿಯಮ ಬರೆದವನು ತಕ್ಕಡಿಯಣ್ಣನೇ, ಒಂದೊಂದರ ಭಾರ ನೋಡಿ. ಏಟು ಬಂದಾಗ ತಿನ್ನುವವರು ಇಪ್ಪತ್ತು ಮುಖದ ದಾಳ ಹಾಕಬೇಕು. ಕಬ್ಬಿಣ ತೊಟ್ಟವರು ಅದಕ್ಕೆ ಆರು ಕೂಡಿಸಬೇಕು, ಬಟ್ಟೆ ತೊಟ್ಟವರಿಗೆ ಸೊನ್ನೆ. ಹದಿನೈದು ಮುಟ್ಟಿದರೆ ಬಚಾವು. ಇಲ್ಲದಿದ್ದರೆ ತಕ್ಕಡಿಯಣ್ಣ ರಟ್ಟಿನ ಮರೆಯಲ್ಲಿ ಆರು ಮುಖದ ದಾಳ ಹಾಕಿ ಗಾಯ ಎಷ್ಟೆಂದು ಸಾರುತ್ತಾನೆ. ಅಷ್ಟು ಜೀವ ಪಾತ್ರದ ಲೆಕ್ಕದಿಂದ ಕಳೆಯಬೇಕು; ಜೀವ ಮುಗಿದರೆ ಪಾತ್ರ ಸತ್ತಂತೆ. ಮಾಂತ್ರಿಕೆ ಬಟ್ಟೆ ಬಿಟ್ಟು ಬೇರೇನೂ ತೊಡುವಂತಿಲ್ಲ, ಬದಲಿಗೆ ಬೆಂಕಿ ಎಸೆಯಬಹುದು. ಯೋಧೆಗೆ ಕಬ್ಬಿಣ ಉಂಟು, ಆದರೆ ಓಡುವಂತಿಲ್ಲ, ಈಜುವಂತಿಲ್ಲ. ಎರಡು ತಟ್ಟೆಯೂ ಸಮ ಎಂದು ಅವನ ಹೆಮ್ಮೆ. ಸಮ ಇರುವ ತಕ್ಕಡಿ ವಾಲಿತೆಂದರೆ ಯಾರೋ ಕೈ ಇಟ್ಟಿದ್ದಾರೆ ಎಂದೇ ಅವನ ಲೆಕ್ಕ.

"ಮಾವ, ಇವತ್ತೂ ನಿಮಗೇನೂ ಆಗ್ಲಿಲ್ಲ!" ಎಂದು ಮಗಳು ಮುಖ ಊದಿಸಿದಳು.

"ಅದೃಷ್ಟ ಕಣಮ್ಮ" ಎಂದು ಭಾಮೈದ ನಕ್ಕ. ಆ ನಗು ತಕ್ಕಡಿಯಣ್ಣನಿಗೆ ಸರಿಬರಲಿಲ್ಲ. ದಾಳ ಹಾಕುವ ಮುಂಚೆ ಅದನ್ನು ಅಂಗೈಯಲ್ಲಿ ಅಷ್ಟು ಹೊತ್ತು ಯಾಕೆ ಉಜ್ಜಬೇಕು?

ಮರುದಿನ ಆ ದಾಳವನ್ನು ಅಂಗಡಿಗೆ ಒಯ್ದು ಚಿನ್ನ ತೂಗುವ ತಕ್ಕಡಿಯಲ್ಲಿಟ್ಟ. ಮಗಳ ದಾಳಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಗಾಜಿನ ಲೋಟದಲ್ಲಿ ಉಪ್ಪುನೀರು ಮಾಡಿ ತೇಲಿಬಿಟ್ಟ. ಒಳಗೆ ಸೀಸ ಸೇರಿಸಿದ್ದರೆ ಯಾವಾಗಲೂ ಒಂದೇ ಮುಖ ಮೇಲೆ ಬರಬೇಕು. ನಲವತ್ತು ಸಲ ತಿರುಗಿಸಿದ. ಒಂದೊಂದು ಸಲ ಒಂದೊಂದು ಮುಖ. ಸಮಾಧಾನವಾಯಿತೇ? ಎಲ್ಲಿಯ ಸಮಾಧಾನ! ದಾಳ ಶುದ್ಧವಾಗಿದ್ದರೆ ಕೈಯೇ ಕಳ್ಳ ಎಂದುಕೊಂಡ.

ಹನ್ನೆರಡನೆಯ ಭಾನುವಾರ ಸ್ಟೀಲ್ ಲೋಟವೊಂದನ್ನು ತಂದು ಭಾಮೈದನ ಮುಂದೆ ಕುಕ್ಕಿದ.

"ಇನ್ಮೇಲೆ ಇದರಲ್ಲಿ ಅಲ್ಲಾಡ್ಸಿ ಹಾಕು."

"ನಾನೊಬ್ಬನೇನಾ ಭಾವ?"

"ನೀನೊಬ್ಬನೇ."

"ಅಪ್ಪಾ, ಏನಿದು? ಮಾವ ಮೋಸ ಮಾಡ್ತಾರೆ ಅಂತನಾ?" ಮಗಳು ಎದ್ದು ನಿಂತಳು.

"ನಾನೆಲ್ಲಿ ಹಾಗಂದೆ?"

"ಬಾಯಿಬಿಟ್ಟು ಬೇರೆ ಹೇಳ್ಬೇಕಾ?"

ಭಾಮೈದ ಸಂಜೆಯವರೆಗೆ ಲೋಟದಲ್ಲೇ ದಾಳ ಹಾಕಿದ. ಯೋಧೆಗೆ ಅವತ್ತೂ ಏನೂ ಆಗಲಿಲ್ಲ. ಹೊರಟಾಗ ಚಪ್ಪಲಿ ಮೆಟ್ಟುತ್ತ, "ಬರೋ ವಾರ ಡ್ಯೂಟಿ ಇದ್ರೂ ಇರಬಹುದು ಭಾವ" ಎಂದ. ಇಷ್ಟು ದಿನ ಒಂದು ಭಾನುವಾರವೂ ಅವನಿಗೆ ಡ್ಯೂಟಿ ಬಿದ್ದಿರಲಿಲ್ಲ.

ಅವನು ಅತ್ತ ಹೋದದ್ದೇ ತಡ, ಮಗಳು ತನ್ನ ನೋಟ್‌ಬುಕ್ಕನ್ನು ಅಪ್ಪನ ಮುಂದೆ ಬಿಸಾಕಿದಳು. "ಯಾರಿಗೆ ಎಷ್ಟು ಬಿತ್ತು ಅಂತ ಎಲ್ಲ ಬರೆದಿಟ್ಟಿದ್ದೀನಿ. ಕಣ್ತುಂಬ ನೋಡ್ಕೋ."

ನೋಡಿದ. ಭಾಮೈದನಿಗೆ ಬಿದ್ದದ್ದು ಮೂರು, ಐದು, ಎಂಟು, ಎರಡು. ಪಾಪ, ಮಗಳಿಗಿಂತ ಕಡೆ. ಆರು ಕೂಡಿಸಿದರೂ ಒಂದೂ ಹದಿನೈದು ಮುಟ್ಟಿಲ್ಲ. ಏಟು ಸರಿಯಾಗಿಯೇ ತಗುಲಿದೆ. ಗಾಯ ಮಾತ್ರ ಸೊನ್ನೆ, ಸೊನ್ನೆ, ಸೊನ್ನೆ. ಗಾಯದ ದಾಳ ಹಾಕುವವನು ಯಾರು? ತಾನೇ!

ಗಡಿಬಿಡಿಯಲ್ಲಿ ನಿಯಮದ ಪುಸ್ತಕ ತೆಗೆದ. "ಕಬ್ಬಿಣ: ದಾಳಕ್ಕೆ ಆರು ಕೂಡಿಸು." ಅದರ ಕೆಳಗೆ, ಅವನದೇ ಅಕ್ಷರದಲ್ಲಿ, "ಏಟು ಬಿದ್ದರೆ ಗಾಯದಲ್ಲೂ ಆರು ಕಳೆ." ಆರು ಮುಖದ ದಾಳದಲ್ಲಿ ಆರು ಕಳೆದರೆ ಉಳಿಯುವುದೇನು, ಮಣ್ಣು? ತಿಂಗಳುಗಟ್ಟಲೆ ಮರೆಯಲ್ಲಿ ಕಳೆದು ಕಳೆದು ಅದೇ ರೂಢಿಯಾಗಿಬಿಟ್ಟಿತ್ತು. ಯೋಧೆ ಬಚಾವಾದದ್ದಷ್ಟೇ ತಲೆಯಲ್ಲಿ ಉಳಿಯುತ್ತಿತ್ತು, ಯಾಕೆ ಎಂಬುದಲ್ಲ. ಯಾವ ತಕ್ಕಡಿ ತಿದ್ದಿದರೂ ತಾರೀಖು ಹಾಕುವ ಚಾಳಿ ಅವನದು; ಈ ಸಾಲಿಗೂ ಹಾಕಿದ್ದ. ಹೆಂಡತಿ ಹೋದ ಒಂಬತ್ತನೆಯ ದಿನ. ಅವಳು ಬಿಟ್ಟುಹೋದಾಗ ಯೋಧೆಗೆ ಉಳಿದಿದ್ದದ್ದು ನಾಲ್ಕು ಜೀವ. ಅದು ಕರಗದಿರಲಿ ಎಂದು ಬರೆದಿದ್ದ. ಬರೆದದ್ದು ನೆನಪೇ ಇರಲಿಲ್ಲ. ಊರವರ ಬಟ್ಟನ್ನೆಲ್ಲ ಮಗುಚಿ ನೋಡುವವನು ತನ್ನ ತಕ್ಕಡಿಗೆ ತಾನೇ ಸೀಸ ಹಚ್ಚಿದ್ದ.

ಬೆಳಗಾದ ಮೇಲೆ ಪುಸ್ತಕ ಹಿಡಿದು ಬಸ್ ಡಿಪೋಗೆ ಓಡಿದ. ಭಾಮೈದ ಟೀ ಕುಡಿಯುತ್ತಿದ್ದ.

"ತಪ್ಪು ನನ್ನದು ಕಣೋ. ನೋಡಿಲ್ಲಿ."

"ನಂಗೆ ಗೊತ್ತಿತ್ತು ಭಾವ. ಎರಡನೇ ವಾರವೇ ಅನುಮಾನ ಬಂತು."

ತಕ್ಕಡಿಯಣ್ಣ ಅವನ ಮುಖವನ್ನೇ ದಿಟ್ಟಿಸಿದ. ಸುಳ್ಳೇನಾದರೂ ಕಂಡೀತೇ ಎಂದು, ಹಾಳು ಚಟ. ಏನೂ ಕಾಣಲಿಲ್ಲ.

"ಮತ್ತೆ ಬಾಯಿ ಬಿಡೋಕೇನಾಗಿತ್ತು? ಮೋಸಗಾರ ಅನ್ನಿಸ್ಕೊಂಡು ಕೂತ್ಯಲ್ಲೋ!"

"ಹೇಳಿದ್ರೆ ಆ ಸಾಲು ಹೊಡೆದುಹಾಕ್ತಿದ್ರಿ. ಅಕ್ಕಂದು ಉಳಿದಿರೋದು ನಾಲ್ಕೇ."

ಭಾನುವಾರ ಭಾಮೈದ ಬಂದ. ತಕ್ಕಡಿಯಣ್ಣ ಎಲ್ಲರೆದುರು ಆ ಸಾಲಿನ ಮೇಲೆ ಗೆರೆ ಎಳೆದು ತಾರೀಖು ಹಾಕಿದ. ಆಟ ಶುರುವಾಗಿ ಅರ್ಧ ಗಂಟೆಯಾಗಿರಲಿಲ್ಲ, ರಾಕ್ಷಸ ಮಾಂತ್ರಿಕೆಯ ಮೇಲೆ ಗದೆ ಎತ್ತಿದ.

"ಯೋಧೆ ಅಡ್ಡ ನಿಲ್ತಾಳೆ" ಎಂದ ಭಾಮೈದ.

"ಯೋಚನೆ ಮಾಡು."

"ಮಾಡಿದ್ದೀನಿ. ಅಕ್ಕ ಇದ್ದಿದ್ರೆ ಇದನ್ನೇ ಮಾಡ್ತಿದ್ದಳು."

ದಾಳದಲ್ಲಿ ಬಿದ್ದದ್ದು ಮೂರು. ಆರು ಸೇರಿ ಒಂಬತ್ತು. ತಕ್ಕಡಿಯಣ್ಣ ರಟ್ಟಿನ ಮರೆ ತೆಗೆದು, ಗಾಯದ ದಾಳವನ್ನು ಮೇಜಿನ ಮಧ್ಯೆ ಹಾಕಿದ. ಐದು.

ಇಬ್ಬರೂ ಅವನ ಬಾಯಿಯನ್ನೇ ನೋಡಿದರು. ಆಟ ನಡೆಸುವವನೇ ಹೇಳಬೇಕು. ಮೂರು ತಿಂಗಳಿಂದ ಪೇಟೆಯಲ್ಲಿ ಹೆಂಡತಿಯ ವಿಷಯ ಯಾರು ಕೇಳಿದರೂ ಅವಳು ಹೋದಳು, ಅವಳಿಲ್ಲ ಎಂದು ತೇಲಿಸಿದ್ದನೇ ಹೊರತು ಆ ಮಾತು ಆಡಿರಲಿಲ್ಲ.

"ಸತ್ತಳು" ಎಂದ. ಅಂದವನೇ ಮೇಜಿಗೆ ತಲೆ ಕೊಟ್ಟು ಬಿಕ್ಕಿಬಿಕ್ಕಿ ಅತ್ತ. ಮಗಳು ಬಂದು ಬೆನ್ನಿಗೊರಗಿ ತಾನೂ ಅತ್ತಳು.

ಭಾಮೈದ ಕಾದ. ಆಮೇಲೆ ಒಂದು ಖಾಲಿ ಹಾಳೆ ಎಳೆದುಕೊಂಡ. "ಭಾವ, ಬರೋ ಭಾನುವಾರಕ್ಕೆ ಒಬ್ಬ ಕಳ್ಳನ್ನ ಮಾಡ್ಕೊಂಡು ಬರ್ತೀನಿ. ತೊಗಲಿನ ಕವಚಕ್ಕೆ ಎಷ್ಟು ಕೊಡ್ತೀರ?"

"ಮೂರು" ಎಂದ ತಕ್ಕಡಿಯಣ್ಣ, ಮೂಗು ಒರೆಸಿಕೊಳ್ಳುತ್ತ. "ಒಂದೇ ಸಲ."