ಚೌಕಳಿ ಸೀರೆಯ ಎಂಟು ಪಟ್ಟಿ

ಉಚಿತ ಎಂಬ ಮಾತನ್ನು ನಾನು ಈಗ ನಂಬುವುದಿಲ್ಲ. ಆ ವರ್ಷ ನಮ್ಮ ಅಪಾರ್ಟ್‌ಮೆಂಟಿನ ದೊಡ್ಡ ಗೇಟಿನ ಮೇಲೆ ಕಟ್ಟಿದ್ದ ಹಸಿರು ಬ್ಯಾನರಿನಲ್ಲಿ ಅದು ಎರಡು ಭಾಷೆಗಳಲ್ಲಿತ್ತು: ಕೆಲ್ಟಿಕ್ ಸಂಗೀತ, ನೃತ್ಯ ಮತ್ತು ಸಂಸ್ಕೃತಿಯ ಸಮುದಾಯ ಹಬ್ಬ, ಎಲ್ಲರಿಗೂ ಉಚಿತ ಪ್ರವೇಶ. ಕನ್ನಡದ ಸಾಲು ಇರಲೇಬೇಕೆಂದು ಹಟ ಹಿಡಿದವಳು ನಾನು. 'ಎಲ್ಲರಿಗೂ' ಎಂಬ ಪದವನ್ನು ಸೇರಿಸಿದವಳೂ ನಾನೇ.

ಹಬ್ಬ ಹುಟ್ಟಿದ್ದು ಗೇಟಿನೊಳಗಲ್ಲ. ಸಿಂಗಸಂದ್ರದ ಆಚೆ, ಕೆರೆಯ ಪಕ್ಕದ ಬಯಲಿನಲ್ಲಿ. ಕಂಪನಿ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ್ದ, ಕೆಲ್ಟಿಕ್ ನಾಡುಗಳಾದ ಐರ್ಲೆಂಡ್, ಸ್ಕಾಟ್ಲೆಂಡಿನ ಕೆಲವರು, ಅವರ ರಾಗಗಳಿಗೆ ಮನಸೋತ ನಮ್ಮ ಕಡೆಯ ಇಬ್ಬರು ಪಿಟೀಲುಗಾರರು, ಸೈನ್ಯದ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಎಂಬ ಚೀಲದ ವಾದ್ಯ ಊದಿ ನಿವೃತ್ತರಾದ ಒಬ್ಬ ಹಿರಿಯರು, ಇವರೊಂದಿಗೆ ನಾನು. ಮೊದಲ ವರ್ಷಗಳಲ್ಲಿ ವೇದಿಕೆಯ ಹಿಂದೆ ದನ ಮೇಯುತ್ತಿದ್ದವು. ಸೊಪ್ಪು ಮಾರುವವರು ಬುಟ್ಟಿ ಇಳಿಸಿ ಕೂರುತ್ತಿದ್ದರು. ನೀನ್ಯಾರು, ಎಲ್ಲಿಂದ ಬಂದೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಆಮೇಲೆ ಕೆರೆ ಅಭಿವೃದ್ಧಿ ಎಂಬ ಹೆಸರಿನಲ್ಲಿ ಬಯಲಿಗೆ ತಂತಿಬೇಲಿ ಬಂತು. ಊರಿಗೆಲ್ಲ ಸೇರಿದ್ದ ನೆಲಕ್ಕೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಬಂದವು. ನಾವು ಧರಣಿ ಕುಳಿತೆವು, ಮನವಿ ಕೊಟ್ಟೆವು. ಬೇಲಿ ಅಲುಗಲಿಲ್ಲ. ಕೊನೆಗೆ ನಾನಿರುವ ಅಪಾರ್ಟ್‌ಮೆಂಟಿನ ಸಂಘ ತನ್ನ ಬಯಲು ರಂಗಮಂದಿರವನ್ನು ಬಿಟ್ಟುಕೊಡಲು ಒಪ್ಪಿತು. ಸಾರ್ವಜನಿಕವಾದದ್ದನ್ನು ಕಳೆದುಕೊಂಡು ಖಾಸಗಿಯವರ ಔದಾರ್ಯಕ್ಕೆ ಕೈಮುಗಿಯುವುದು ಈ ನಗರದಲ್ಲಿ ಎಷ್ಟು ಸಲೀಸಾಗಿ ನಡೆಯುತ್ತದೆ ಎಂಬುದನ್ನು ಅಂದು ಕಂಡೆ.

ಐರ್ಲೆಂಡಿನ ಕುಣಿತ ನನಗೆ ಬಂದದ್ದು ಶಾಲೆಯಿಂದ. ದಾವಣಗೆರೆಯ ವಕೀಲರ ಮನೆಯಿಂದ ನನ್ನನ್ನು ಪರೀಕ್ಷೆಗಳಿಲ್ಲದ, ಮರಗಳ ಕೆಳಗೆ ಪಾಠ ಹೇಳುವ ಒಂದು ವಸತಿ ಶಾಲೆಗೆ ಕಳಿಸಿದ್ದರು. ಅಲ್ಲಿ ಐರ್ಲೆಂಡಿನಿಂದ ಬಂದ ಮೇಷ್ಟ್ರೊಬ್ಬರು ಸಂಜೆ ನಮ್ಮನ್ನು ಕೆಮ್ಮಣ್ಣಿನ ಅಂಗಳದಲ್ಲಿ ಎಂಟೆಂಟು ಮಂದಿಯಾಗಿ ನಿಲ್ಲಿಸಿ ಕುಣಿಸುತ್ತಿದ್ದರು. ಚೌಕದ ನಾಲ್ಕು ಬದಿಗೆ ನಾಲ್ಕು ಜೋಡಿ. ವಾದ್ಯಗಳಿಗೆ ಬೆನ್ನು ಮಾಡಿ, ಜನರಿಗೆ ಮುಖ ಕೊಟ್ಟು ನಿಲ್ಲುವುದು ಮೊದಲ ಜೋಡಿ. ಒಬ್ಬರು ತಪ್ಪಿದರೂ ಕುಣಿತವಿಲ್ಲ, ಏಕೆಂದರೆ ಪ್ರತಿಯೊಂದು ಸುತ್ತಿನಲ್ಲೂ ಒಬ್ಬರ ಕೈ ಇನ್ನೊಬ್ಬರ ಕೈಯನ್ನು ಹುಡುಕುತ್ತದೆ. ಜಮೀನಿನಿಂದ ಒಕ್ಕಲೆಬ್ಬಿಸಿಕೊಂಡವರು, ಶಾಲೆಯಲ್ಲಿ ತಾಯ್ನುಡಿಯಾಡಿ ಏಟು ತಿಂದವರು ಉಳಿಸಿಕೊಂಡ ಕುಣಿತ ಇದು ಎಂದು ಮೇಷ್ಟ್ರು ಹೇಳಿದ್ದರು. ಹಾಗೆಂದೇ ಹೆಬ್ಬಗೋಡಿಯ ಹೆಣ್ಣುಮಕ್ಕಳಿಗೆ ಅದು ಸಲ್ಲಬೇಕು ಎಂದು ನಾನು ನಂಬಿದ್ದೆ.

ಹೆಬ್ಬಗೋಡಿಯಲ್ಲಿ, ಬಾಡಿಗೆ ಕೋಣೆಗಳ ಒಂದು ವಠಾರದ ಮಾಳಿಗೆಯ ಮೇಲೆ, ನಾನು ಭಾನುವಾರಗಳಂದು ಗಾರ್ಮೆಂಟ್ಸ್ ಕೆಲಸದ ಹೆಂಗಸರಿಗೆ ಕಾರ್ಮಿಕ ಕಾನೂನು ಹೇಳಿಕೊಡುತ್ತಿದ್ದೆ. ಒಂದು ದಿನ ಪಾವಗಡದ ಕಡೆಯ ಟೈಲರ್ ಒಬ್ಬಳು ನಡುವೆಯೇ ಕೈ ಎತ್ತಿದಳು. ಮೂವತ್ತು ದಾಟಿದವಳು, ಒಬ್ಬಳೇ ದುಡಿದು ಮನೆ ನಡೆಸುವವಳು.

"ಮೇಡಂ, ವಾರವೆಲ್ಲ ಸೂಪರ್‌ವೈಸರ್ ಬಾಯಿ ಕೇಳ್ತೀವಿ, ಭಾನುವಾರ ನಿಮ್ಮ ಕಾನೂನು ಕೇಳ್ತೀವಿ. ಎರಡೂ ಒಂದೇ ಥರ ತಲೆನೋವು. ಬೇರೆ ಏನಾದ್ರೂ ಹೇಳ್ಕೊಡಿ."

ಎಲ್ಲರೂ ನಕ್ಕರು. ಮುಂದಿನ ವಾರ ನಾನು ಸ್ಪೀಕರ್ ತಂದೆ.

ಆರು ಮಂದಿ ಟೈಲರುಗಳು, ನಾನು ಏಳನೆಯವಳು. ಎಂಟನೆಯವರಾಗಿ ಸೇರಿದವರು ವಠಾರದ ಓನರಮ್ಮ. ಅವರದು ಆ ಊರಿನ ಹಳೆಯ ಒಕ್ಕಲುಮನೆ, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಬೆಳೆಯುತ್ತಿತ್ತು. ಒಗೆದ ಬಟ್ಟೆ ಎತ್ತಿಕೊಳ್ಳಲು ಮೇಲೆ ಬಂದವರು ನೀರಿನ ಟ್ಯಾಂಕಿಗೆ ಒರಗಿ ನಿಂತರು.

"ಏನ್ರವ್ವಾ, ಇಂಗೆ ಕುಪ್ಪಳಿಸ್ತಾ ಇದೀರಾ? ಮಾಳಿಗೆ ಸೋರಿದ್ರೆ ರಿಪೇರಿ ನೀವ್ ಮಾಡಿಸ್ಕೊಡ್ತೀರಾ?"

"ನೀವೂ ಬನ್ನಿ ಓನರಮ್ಮ," ಎಂದಳು ಪಾವಗಡದವಳು. "ನೀವು ಕುಣಿದ್ರೆ ಮಾಳಿಗೆ ಸೋರಲ್ಲ, ಒಂದೇ ಸಲ ಕೆಳಗೇ ಹೋಗುತ್ತೆ."

"ನಾಲ್ಗೆ ನೋಡು ಇವಳ್ದು! ಬಾಡ್ಗೆ ಏರಿಸ್ತೀನಿ ತಡಿ," ಎಂದು ಓನರಮ್ಮ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟರು. ಆ ಇಬ್ಬರೇ ಮೊದಲ ಜೋಡಿಯಾದರು.

ಮೇಕೆಯ ಚರ್ಮ ಬಿಗಿದ ಐರಿಶ್ ವಾದ್ಯದ ದನಿ ಸ್ಪೀಕರಿನಿಂದ ಬಂದಾಗ ಓನರಮ್ಮ, "ಇದು ನಮ್ ತಮಟೆ ಅಲ್ವಾ?" ಎಂದು ಬೆರಗಾಗಿದ್ದರು. ಊರ ತಮಟೆಯವರನ್ನು ಇಂದಿಗೂ ಜಗುಲಿಯ ಕೆಳಗೆ ನಿಲ್ಲಿಸುವ ಮನೆ ಅವರದು. ಇದನ್ನು ನಾನು ಅವರ ಮುಖಕ್ಕೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಅದೆಲ್ಲ ನಮ್ಮತ್ತೆ ಕಾಲದಿಂದ ಬಂದಿರಾದು, ಬುಡಿ ಮೇಡಂ. ಎಡಗಾಲಾ, ಬಲಗಾಲಾ, ಅದ್ ಹೇಳಿ," ಎಂದರು. ಜಾತಿಯ ಮಾತು ಅಲ್ಲಿಗೇ ನಿಂತಿತು. ಕುಣಿತ ಮುಂದುವರಿಯಿತು.

ಪಾವಗಡದವಳಿಗೆ ಹೆಜ್ಜೆ ಬೇಗ ಬಂತು, ನಿಲುವು ಬರಲಿಲ್ಲ. ಈ ಕುಣಿತದಲ್ಲಿ ಬೆನ್ನು ನೆಟ್ಟಗಿರಬೇಕು, ಮುಖ ಎತ್ತಿರಬೇಕು. ಅವಳ ಕತ್ತು ತಾನಾಗಿಯೇ ಬಾಗುತ್ತಿತ್ತು. ಹದಿಹರೆಯದಿಂದ ಮಿಷನ್ನಿನ ಸೂಜಿಯನ್ನೇ ನೋಡಿದ ಕತ್ತು. ಹೊಲಿಯುವ ಹೊತ್ತಿನಲ್ಲಿ ತಲೆ ಎತ್ತಿದರೆ ಲೈನಿನ ಮುಂದೆ ಹೆಸರು ಹಿಡಿದು ಕೂಗುತ್ತಾರೆ. ನೀರು ಕುಡಿಯಲು ಎದ್ದರೂ ಕೂಗುತ್ತಾರೆ. ಒಂದು ಶರೀರವನ್ನು ಹೀಗೆ ಬಗ್ಗಿಸಿಡುವುದು ಹಿಂಸೆ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಒಂದು ಭಾನುವಾರ ಅವಳು ಟ್ಯಾಂಕಿನ ನೆರಳಿನಲ್ಲಿ ಕುಳಿತು ಹೇಳಿದಳು:

"ಜನದ ಎದುರಿಗೆ ಒಂದೇ ಒಂದ್ಸಲ ಹಿಂಗೆ ತಲೆ ಎತ್ಕೊಂಡು ನಿಂತ್ಕೋಬೇಕು ಮೇಡಂ. ಎಲ್ರೂ ನನ್ನ ಮುಖ ನೋಡ್ಬೇಕು. ಆಮೇಲೆ ಬೇಕಾದ್ರೆ ಇನ್ನೂ ಇಪ್ಪತ್ತು ವರ್ಷ ಬಗ್ಗಿಸ್ಕೊಂಡು ಹೊಲೀತೀನಿ."

ನಾನು ಅವಳಿಗೆ ಮಾತು ಕೊಟ್ಟೆ.

ಹಬ್ಬಕ್ಕೆಂದು ಓನರಮ್ಮ ತಮ್ಮ ಹಳೆಯ ಚೌಕಳಿ ಸೀರೆಯೊಂದನ್ನು ಕೊಟ್ಟರು, ಕೆಂಪು ಹಸಿರು ಚೌಕಳಿ. ಸ್ಕಾಟ್ಲೆಂಡಿನವರ ಉಣ್ಣೆಯ ಚೌಕಳಿಯನ್ನು ಮೊಬೈಲಿನಲ್ಲಿ ನೋಡಿ ಪಾವಗಡದವಳೇ ಅದನ್ನು ಕತ್ತರಿಸಿ, ಭುಜದಿಂದ ಸೊಂಟಕ್ಕೆ ಇಳಿಯುವ ಎಂಟು ಪಟ್ಟಿಗಳನ್ನು ಹೊಲಿದಳು. ಒಬ್ಬೊಬ್ಬರ ಎತ್ತರಕ್ಕೆ ಒಂದೊಂದು. ಪಟ್ಟಿಗಳು ನನ್ನ ಮನೆಯಲ್ಲಿರಲಿ ಎಂದಳು. ಫ್ಯಾಕ್ಟರಿಯಿಂದ ಹೊರಡುವಾಗ ಹೆಂಗಸರ ಮೈತಡವಿ ನೋಡುತ್ತಾರೆ. ಚೀಲದಲ್ಲಿ ಬಟ್ಟೆ ಸಿಕ್ಕರೆ, ಅದು ಯಾರದೆಂದು ರುಜುವಾಗುವವರೆಗೆ ಅವಳು ಕಳ್ಳಿ.

ಹಬ್ಬ ಭಾನುವಾರವೇ ಇತ್ತು. ಆದರೆ ಅದಕ್ಕೆ ಮುಂಚಿನ ವಾರ ಕಾರ್ಮಿಕ ಸಂಘಟನೆಗಳು ಬಂದ್ ಕರೆದಿದ್ದವು. ಮೆರವಣಿಗೆಯಲ್ಲಿ ನಾನೂ ನಡೆದಿದ್ದೆ. ಕೂಲಿ ಹೆಚ್ಚಬೇಕೆಂಬುದೇ ಅದರ ಬೇಡಿಕೆ, ಅದರಲ್ಲಿ ನ್ಯಾಯವಿತ್ತು. ಬಸ್ಸು ಓಡಲಿಲ್ಲ, ಫ್ಯಾಕ್ಟರಿ ಮುಚ್ಚಿತು. ಗಾರ್ಮೆಂಟ್ಸಿನಲ್ಲಿ ಅಂಥ ರಜೆ ರಜೆಯಲ್ಲ, ಸಾಲ. ಅದನ್ನು ಮುಂದಿನ ಭಾನುವಾರ ದುಡಿದು ತೀರಿಸಬೇಕು. ಫ್ಯಾಕ್ಟರಿಯ ಮೈಕಿನಲ್ಲಿ ಕೂಗಿ ಹೇಳಿದರಂತೆ: ಬಂದ್ ದಿನದ ಬದಲು ಈ ಭಾನುವಾರ ಡ್ಯೂಟಿ.

"ನಿಮ್ಮ ಬಂದ್ ನಮ್ಮ ಹಬ್ಬ ತಿನ್ಕೊಂಡ್ತು ಮೇಡಂ," ಎಂದಳು ಪಾವಗಡದವಳು ಫೋನಿನಲ್ಲಿ. ತಮಾಷೆಯ ದನಿಯೇ. ಆಮೇಲೆ, "ಸಂಜೆ ಬಿಟ್ಟ ಕೂಡ್ಲೆ ಓಡಿ ಬರ್ತೀವಿ. ನಮ್ದು ಕೊನೇಗೆ ಇಡ್ಸಿ," ಎಂದಳು.

ಕೊನೆಗೆ ಇಡಿಸಿದೆ.

ಆ ಮಧ್ಯಾಹ್ನ ರಂಗಮಂದಿರ ತುಂಬಿತು. ಚೀಲದ ವಾದ್ಯ ಮೊಳಗಿದಾಗ ಬಾಲ್ಕನಿಗಳಲ್ಲೂ ಜನ. ತಗಡಿನ ಕೊಳಲು ಕಲಿಸುವ ಮೂಲೆ, ಹಳೆಯ ಕಥೆ ಹೇಳುವ ಮೂಲೆ, ಉಚಿತ ಕೇಕು. ಗೇಟು ತೆರೆದಿತ್ತು, ಪಕ್ಕದ ಬಡಾವಣೆಗಳಿಂದ ಜನ ಬರುತ್ತಲೇ ಇದ್ದರು. ನಾನು ಸಂತೋಷಪಟ್ಟೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಸಂತೋಷಪಡಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಆತ ಗೇಟು ಮುಚ್ಚಿಸಿ, ಇನ್ನು ಮೇಲೆ ಮನೆಯವರು ಒಪ್ಪಿಗೆ ಕೊಟ್ಟ ಅತಿಥಿಗಳನ್ನು ಮಾತ್ರ ಬಿಡಿ ಎಂದು ಕಾವಲಿನವರಿಗೆ ಹೇಳಿದ. ಇದು ನನಗೆ ತಿಳಿಯಲಿಲ್ಲ. ನಾನು ವೇದಿಕೆಯ ಹಿಂದೆ ಇದ್ದೆ.

ಆ ಒಪ್ಪಿಗೆ ಕೊಡುವುದು ಗೇಟಿನ ಆ್ಯಪಿನಲ್ಲಿ. ನಾನು ಅದನ್ನು ಬಹಳ ಹಿಂದೆಯೇ ಮೊಬೈಲಿನಿಂದ ಕಿತ್ತುಹಾಕಿದ್ದೆ. ಮನೆಗೆಲಸದ ಹೆಂಗಸರ ಫೋಟೊ ತೆಗೆದು, ಅವರು ಎಷ್ಟು ಹೊತ್ತಿಗೆ ಬಂದರು ಎಂದು ಎಲ್ಲರಿಗೂ ತೋರಿಸಿ, ಅವರಿಗೆ ಅಂಕದಂತೆ ನಕ್ಷತ್ರ ಹಂಚುವ ಯಂತ್ರ ನನಗೆ ಬೇಡವಾಗಿತ್ತು. ಆ ನಿಲುವು ಸರಿ ಎಂದು ಇಂದಿಗೂ ಹೇಳುತ್ತೇನೆ. ಆ್ಯಪ್ ಇಲ್ಲದ ಮನೆಗೆ ಕಾವಲಿನವರು ಇಂಟರ್‌ಕಾಮ್ ಮಾಡುತ್ತಾರೆ. ಅಂದು ಸಂಜೆ ಬೀಗ ಹಾಕಿದ ನನ್ನ ಮನೆಯೊಳಗೆ ಅದು ಬಾರಿಬಾರಿಗೆ ಹೊಡೆದುಕೊಂಡಿತು. ನನ್ನ ಮೊಬೈಲೂ ಹೊಡೆದುಕೊಂಡಿತು, ಪಟ್ಟಿಗಳಿದ್ದ ಚೀಲದ ತಳದಲ್ಲಿ, ಪಿಟೀಲಿನ ಸದ್ದಿನ ನಡುವೆ.

ನಿರೂಪಕಿ ನಮ್ಮ ತಂಡವನ್ನು ಕರೆದಳು. ಮಧ್ಯಾಹ್ನವೇ ಬಂದಿದ್ದ ಓನರಮ್ಮನೂ ನಾನೂ ವೇದಿಕೆ ಹತ್ತಿದೆವು. ಓನರಮ್ಮ ರೇಷ್ಮೆ ಸೀರೆಯ ಮೇಲೆ ಚೌಕಳಿ ಪಟ್ಟಿ ಹಾಕಿಕೊಂಡು ಮೊದಲ ಜೋಡಿಯ ಜಾಗದಲ್ಲಿ, ಜನರಿಗೆ ಮುಖ ಮಾಡಿ ನಿಂತರು. ಪಕ್ಕದ ಜಾಗ ಖಾಲಿ. ನಾನು ಅವರ ಎದುರಿಗೆ. ಫ್ಯಾಕ್ಟರಿ ಟೈಲರುಗಳನ್ನು ಇನ್ನೂ ಬಿಟ್ಟಿಲ್ಲ ಎಂದೇ ನಾನು ತಿಳಿದೆ. ಮೈಕು ತೆಗೆದುಕೊಂಡು, ಇಲ್ಲಿ ನಿಲ್ಲಬೇಕಾಗಿದ್ದ ಆರು ಮಂದಿ ಈ ಹೊತ್ತಿನಲ್ಲಿ ಒಂದು ರಜೆಯ ಸಾಲ ತೀರಿಸುತ್ತಿದ್ದಾರೆ ಎಂದು ಹೇಳತೊಡಗಿದೆ. ನಿರೂಪಕಿ ನಗುನಗುತ್ತಲೇ ಮೈಕನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

"ಮೇಡಂ, ಪ್ಲೀಸ್, ಇವತ್ತು ಹಬ್ಬ. ನೆಗೆಟಿವ್ ಬೇಡ." ಆಮೇಲೆ ಜನರ ಕಡೆ ತಿರುಗಿ, "ಯಾರ್ ಬರ್ತೀರಾ? ಆರು ಜನ ಬೇಕು! ಹೆಜ್ಜೆ ಬರ್ದಿದ್ರೂ ಪರ್ವಾಗಿಲ್ಲ!"

ಆರಲ್ಲ, ಹತ್ತು ಕೈಗಳು ಎದ್ದವು. ನಗುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ ಆರು ಮಂದಿ ಹತ್ತಿ ಬಂದರು. ಯಾರೋ ನನ್ನ ಚೀಲದಿಂದ ಪಟ್ಟಿಗಳನ್ನು ತೆಗೆದು ಹಂಚಿದರು. "ಬುಡಿ ಮೇಡಂ, ಏನ್ ಮಾಡಾದು. ಸುಮ್ನೆ ನಿಂತ್ರೆ ನಗ್ತಾರೆ," ಎಂದರು ಓನರಮ್ಮ ತಗ್ಗಿದ ದನಿಯಲ್ಲಿ. ಪಿಟೀಲು ಶುರುವಾಯಿತು. ಹೆಜ್ಜೆ ತಪ್ಪಿದಾಗಲೆಲ್ಲ ಜನ ಹೋ ಎಂದು ಕೂಗಿ ಹುರಿದುಂಬಿಸಿದರು. ನನ್ನ ಕೈಯನ್ನು ಯಾರೋ ಹಿಡಿದಿದ್ದರು. ನಾನು ಬಿಡಿಸಿಕೊಳ್ಳಲಿಲ್ಲ. ಇಡೀ ದಿನದಲ್ಲಿ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆ ಕುಣಿತಕ್ಕೆ. ಯಾರ ಜಾಗವೂ ಖಾಲಿ ಇರಲಿಲ್ಲ. ಒಬ್ಬರು ತಪ್ಪಿದರೂ ಕುಣಿತವಿಲ್ಲ ಎಂದು ಮೇಷ್ಟ್ರು ಹೇಳಿದ್ದು ಸುಳ್ಳಾಗಿತ್ತು.

ಕೆಳಗಿಳಿದು ಮೊಬೈಲ್ ನೋಡಿದವಳು ಗೇಟಿಗೆ ಓಡಿದೆ. ಕಾವಲಿನವನು ಎದ್ದು ನಿಂತ. "ನಾನೇನ್ ಮಾಡ್ಲಿ ಮೇಡಂ, ನಿಮ್ಮನೆಗೆ ಇಂಟರ್‌ಕಾಮ್ ಮಾಡಿ ಮಾಡಿ ಸಾಕಾಯ್ತು. ಬಿಟ್ರೆ ನನ್ನ ಕೆಲ್ಸ ಹೋಗುತ್ತೆ." ಆರೂ ಜನ ರಸ್ತೆಯಾಚೆಯ ಬಸ್‌ಸ್ಟಾಪಿನಲ್ಲಿದ್ದರು. ಪಾವಗಡದವಳ ಕೂದಲಲ್ಲಿ ಇನ್ನೂ ನೂಲಿನ ಎಳೆಗಳಿದ್ದವು. ಹೆಬ್ಬಗೋಡಿಯ ಬಸ್ಸು ಬಂದಿರಲಿಲ್ಲ.

"ಕೇಳಿಸ್ತು ಮೇಡಂ," ಎಂದಳು ನಾನು ಬಾಯಿ ತೆರೆಯುವ ಮೊದಲೇ. "ನಮ್ಮ ಹಾಡೇ ಅಂತ ಗೊತ್ತಾಯ್ತು. ಚಪ್ಪಾಳೆನೂ ಕೇಳಿಸ್ತು."

ನಾನು ನಡೆದದ್ದನ್ನೆಲ್ಲ ಹೇಳಿದೆ. ಮುಚ್ಚಿಡುವುದು ಇನ್ನೊಂದು ಅನ್ಯಾಯವಾಗುತ್ತಿತ್ತು. ಸಂಘಕ್ಕೆ ಪತ್ರ ಬರೆಯುತ್ತೇನೆ, ಫ್ಯಾಕ್ಟರಿಯ ಮೇಲೆ ದೂರು ಕೊಡುತ್ತೇನೆ ಎಂದೆ. ಅವಳು ಬಸ್ಸು ಬರುವ ದಿಕ್ಕನ್ನು ನೋಡುತ್ತಲೇ ಕೇಳಿದಳು:

"ಪಟ್ಟಿ ಅವ್ರು ಹಾಕ್ಕೊಂಡ್ರಾ?"

"ಹೂಂ."

"ಅಳತೆ ಸರಿಹೋಯ್ತಾ?"

ಬಸ್ಸು ಬಂತು. ಆರೂ ಜನ ಹತ್ತಿದರು.

ಪತ್ರ ಬರೆದೆ. ಸಭೆಯಲ್ಲಿ ಕಾರ್ಯದರ್ಶಿ ತಾಳ್ಮೆಯಿಂದಲೇ ಉತ್ತರಿಸಿದ: "ಫ್ರೀ ಅಂದ್ರೆ ಫ್ರೀನೇ ಕಣ್ರೀ, ಯಾರು ಇಲ್ಲ ಅಂದ್ರು? ಹಂಗಂತ ಗೇಟ್ ಇಲ್ದೆ ಇರೋಕಾಗುತ್ತಾ?" ತಲೆಗಳು ಹೌದೆಂದು ಆಡಿದವು. ಪ್ರೇಕ್ಷಕರನ್ನೇ ವೇದಿಕೆಗೆ ಕರೆದು ಕುಣಿಸಿದ್ದು ಎಲ್ಲರಿಗೂ ಹಿಡಿಸಿತೆಂದೂ, ಇನ್ನು ಪ್ರತಿ ವರ್ಷ ಹಾಗೆಯೇ ಮಾಡುವುದೆಂದೂ ಅದೇ ಸಭೆಯಲ್ಲಿ ತೀರ್ಮಾನವಾಯಿತು. ಫ್ಯಾಕ್ಟರಿಯ ಮೇಲಿನ ದೂರಿಗೆ ಬಂದ ಉತ್ತರ ಇನ್ನೂ ಚಿಕ್ಕದು: ಬದಲಿ ದಿನದ ದುಡಿಮೆ ನಿಯಮಕ್ಕೆ ಅನುಸಾರವಾಗಿದೆ. ಪಟ್ಟಿಗಳಲ್ಲಿ ಎರಡು ಹಿಂದಕ್ಕೆ ಬರಲೇ ಇಲ್ಲ.

ಕೆಲವು ಭಾನುವಾರ ಬಿಟ್ಟು ವಠಾರಕ್ಕೆ ಹೋದೆ. ಮಾಳಿಗೆಯ ಮೇಲೆ ಮರಳು ಸುರಿದಿತ್ತು, ಮೂಲೆಗಳಲ್ಲಿ ಕಬ್ಬಿಣದ ಸರಳುಗಳು ಎದ್ದಿದ್ದವು. "ಇನ್ನೊಂದು ಮಾಳ್ಗೆ ಏರಿಸ್ತಾ ಇದೀವಿ ಮೇಡಂ. ರೂಮ್ ಕೇಳ್ಕೊಂಡು ದಿನಾ ಬತ್ತಾರೆ," ಎಂದರು ಓನರಮ್ಮ, ನನ್ನ ಕಣ್ಣು ತಪ್ಪಿಸಿ. ಇದೂ ಅನ್ಯಾಯವೇ ಎಂದು ಯೋಚಿಸಿದೆ. ಅದಕ್ಕೊಂದು ಹೆಸರು ಹೊಳೆಯಲಿಲ್ಲ.

ಪಾವಗಡದವಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದಾಗ ಕಣ್ಣು ಬಿಟ್ಟಳು, ಏಳಲಿಲ್ಲ. ಉಳಿದ ಪಟ್ಟಿಗಳ ಚೀಲವನ್ನು ಹೊಸಿಲ ಒಳಗಿಟ್ಟು, ಬೇರೆ ಜಾಗ ಹುಡುಕೋಣ, ಮತ್ತೆ ಶುರುಮಾಡೋಣ ಎಂದೆ.

"ಭಾನುವಾರ ಮಲ್ಕೋತೀನಿ ಮೇಡಂ," ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಸಿಟ್ಟಾದರೂ ಇದ್ದಿದ್ದರೆ ನನಗೆ ಆಸರೆಯಾಗುತ್ತಿತ್ತು. "ಬಾಗ್ಲು ಎಳ್ಕೊಂಡು ಹೋಗಿ."

ಎಳೆದುಕೊಂಡು ಬಂದೆ.