ಬೋರ್ಡಿಲ್ಲದ ಕಿಟಕಿ

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ಹರಿಹರದ ನಮ್ಮ ಓಣಿಯಲ್ಲೆಲ್ಲ ಸುದ್ದಿ ಹಬ್ಬಿಸಿದವಳು ನಾನೇ. ದಿನಾ ಆಸ್ಪತ್ರೆಗೆ ಯಾಕೆ ಎಂದು ಕೇಳುವವರಿಗೆ ಏನಾದರೂ ಹೇಳಬೇಕಲ್ಲ. ಅದರ ಫಲವಾಗಿ, ಪಾಪ, ಮದುವೆ ಮನೆಗಳಲ್ಲಿ ಅವರ ಎಲೆಗೆ ಹೋಳಿಗೆ ಬೀಳಲಿಲ್ಲ, ಪಕ್ಕದ ಮನೆಯಾಕೆ ಕೊಡುವ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ನಿಜವಾದ ಕಾಯಿಲೆ ನೋವಿನ ಗುಳಿಗೆಯದು.

ಅವರು ಗೂಡ್ಸ್ ಆಟೋ ಓಡಿಸುತ್ತಾರೆ. ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ ಭತ್ತದ ಚೀಲ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಯಾವುದೋ ಮೆಡಿಕಲ್ ಶಾಪಿನವನು ಚೀಟಿ ಕೇಳದೆ ಗುಳಿಗೆ ಕೊಟ್ಟ. ಸೊಂಟ ವಾಸಿಯಾಯಿತು, ಗುಳಿಗೆ ಬಿಡಲಿಲ್ಲ. ಒಂದು ಹೊತ್ತು ತಪ್ಪಿದರೆ ಬೆವರು, ನಡುಕ, ಕಾಲು ಸೆಳೆತ. ಬೈದೆ, ಹರಕೆ ಹೊತ್ತೆ, ಕಣ್ಣೀರಿಟ್ಟೆ. ಕೊನೆಗೆ ದಾವಣಗೆರೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಬೈಯಲಿಲ್ಲ. ದಿನಾ ನರ್ಸಿನ ಎದುರಿಗೆ ನಾಲಿಗೆಯಡಿ ಕರಗಿಸಿಕೊಳ್ಳುವ ಮದ್ದು ಕೊಟ್ಟರು. ಅದನ್ನು ನಡುವೆ ಬಿಟ್ಟು ಮತ್ತೆ ಹಳೆಯ ಗುಳಿಗೆ ನುಂಗಿದರೆ ಉಸಿರೇ ನಿಲ್ಲಬಹುದು ಎಂದೂ ಹೇಳಿದರು.

ಮದ್ದು ಹಿಡಿಯಿತು. ಆದರೆ ಅದನ್ನು ಕೊಡುತ್ತಿದ್ದುದು ‘ವ್ಯಸನಮುಕ್ತಿ’ ಎಂದು ದೊಡ್ಡದಾಗಿ ಬರೆದ ಬೋರ್ಡಿನ ಕೆಳಗೆ. ಇವರು ಅಲ್ಲಿ ನಿಂತಿದ್ದನ್ನು ಕಂಡ ದಾವಣಗೆರೆಯ ವ್ಯಾಪಾರಿಯೊಬ್ಬ ಬಾಡಿಗೆಗೆ ಕರೆಯುವುದನ್ನೇ ಬಿಟ್ಟ. ಆಮೇಲೆ ಇವರು ಆಸ್ಪತ್ರೆ ತಪ್ಪಿಸತೊಡಗಿದರು. ಮಲಗಿದವರ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುವುದು ನನ್ನ ಕೆಲಸವಾಯಿತು. ಅಷ್ಟು ಹೆದರಿದ್ದೆ.

ಆಗ ಜಿಲ್ಲೆಯ ದೊಡ್ಡ ಅಧಿಕಾರಿ, ಹೆಣ್ಣುಮಗಳು, ಜನರ ಅಹವಾಲು ಕೇಳಲು ತಾಲ್ಲೂಕು ಕಚೇರಿಗೆ ಬಂದರು. ಧೈರ್ಯ ಮಾಡಿ ಹೋದೆ. ಹಿಂದೆ ತಿರುಗಿದರೆ ಚರಂಡಿಯ ದೂರು ಹಿಡಿದು ಅದೇ ಪಕ್ಕದ ಮನೆಯಾಕೆ ನಿಂತಿದ್ದಾಳೆ! ಮೈಕು ಕೈಗೆ ಬಂತು, ಬಾಯಿಗೆ ಮಾತು ಬರಲಿಲ್ಲ. ಅಧಿಕಾರಿ ನನ್ನನ್ನು ಮುಂದೆ ಕರೆದರು. ಮೈಕು ತೆಗೆಸಿ, ಪಕ್ಕದಲ್ಲೇ ಕುರ್ಚಿ ಹಾಕಿಸಿ ಕೂರಿಸಿಕೊಂಡರು. ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಗುಣ ಕಂಡರೂ ಯಾಕೆ ತಪ್ಪಿಸುತ್ತಾರೆ ಎಂದು ಕೇಳಿದರು.

“ಮದ್ದು ಬ್ಯಾಡ ಅನ್ನಲ್ರಿ ಮೇಡಂ, ಬೋರ್ಡ್ ಬ್ಯಾಡ ಅಂತಾರೆ.”

ಇವರ ಊರಲ್ಲೇ ಮದ್ದು ಕೊಡಲಾಗದೇ ಎಂದು ಆಕೆ ಕೇಳಿದ್ದಕ್ಕೆ ಜೊತೆಗಿದ್ದ ಆರೋಗ್ಯಾಧಿಕಾರಿ, ಹರಿಹರದಲ್ಲೇ ಕೊಡಬೇಕಾದರೆ ಅನುಮತಿ ಬೇಕು, ಡಾಕ್ಟರಿಗೆ ತರಬೇತಿ ಬೇಕು, ಬೀಗದ ಕಪಾಟು ಬೇಕು ಎಂದು ಶುರುಮಾಡಿದರು. ಒಂದೊಂದಾಗಿ ಮಾಡೋಣ ಎಂದರು ಆಕೆ. ಇಂಥ ಮಾತು ಬಹಳ ಕೇಳಿದ್ದೇನೆ. ನಂಬದೆ ಮನೆಗೆ ಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಮದ್ದು ಸಿಕ್ಕಿತು. ಬಿಪಿ, ಶುಗರ್ ಗುಳಿಗೆ ಕೊಡುವ ಅದೇ ಕಿಟಕಿ, ಅದೇ ಸಾಲು. ಚೀಟಿ ನೋಡಿ ಒಳಗೆ ಕರೆಯುತ್ತಾರೆ, ಅಷ್ಟೆ. ಇವರು ಮತ್ತೆ ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಸುಳ್ಳಿಗೆ ಸರ್ಕಾರವೇ ನೆರಳು ಕೊಟ್ಟ ಹಾಗಾಯಿತು. ಆ ಅಧಿಕಾರಿ ಚೀಟಿಯಿಲ್ಲದೆ ಗುಳಿಗೆ ಮಾರುವ ಮೆಡಿಕಲ್ ಶಾಪುಗಳ ಮೇಲೆ ದಾಳಿ ಮಾಡಿಸಿದ್ದು ಫೋಟೋ ಸಮೇತ ಪೇಪರಿನಲ್ಲಿ ಬಂತು, ಈ ಕಿಟಕಿಯ ಸುದ್ದಿ ಬರಲಿಲ್ಲ. ಶೌಚಾಲಯ ಕಟ್ಟಿಸಿದರೂ ಕಲ್ಲಿನಲ್ಲಿ ಹೆಸರು ಕೆತ್ತಿಸುವ ಕಾಲದಲ್ಲಿ, ಬೋರ್ಡು ಹಾಕದೆ ಉಪಕಾರ ಮಾಡಿದವರನ್ನು ಹೇಗೆ ಮರೆಯಲಿ? ಆಕೆಗೆ ವರ್ಗವಾಗಿ ಹೋಯಿತು. ಅವರ ಹೊಟ್ಟೆ ತಣ್ಣಗಿರಲಿ. ಕಿಟಕಿ ಇನ್ನೂ ಇದೆ.

ಮೊನ್ನೆ ನಾವಿಬ್ಬರೂ ಪಕ್ಕದ ಮನೆಯಲ್ಲಿ ಚಹಾಕ್ಕೆ ಕೂತಿದ್ದೆವು. ಮನೆಯಾಕೆ ಇದ್ದಕ್ಕಿದ್ದಂತೆ ಕಣ್ಣೊರೆಸಿಕೊಂಡಳು. ದಾವಣಗೆರೆಯ ಆನೆಕೊಂಡದಲ್ಲಿರುವ ಅವಳ ತಮ್ಮ ಆಪರೇಷನ್ ಆದಾಗಿನಿಂದ ನೋವಿನ ಗುಳಿಗೆ ಬಿಡಲಾರದೆ ಒದ್ದಾಡುತ್ತಿದ್ದಾನಂತೆ. ಆಸ್ಪತ್ರೆಗೆ ಬಾ ಎಂದರೆ ಜನ ನೋಡುತ್ತಾರೆ ಎನ್ನುತ್ತಾನಂತೆ. ನಮ್ಮ ಯಜಮಾನರದೂ ಇದೇ ಕಥೆ, ಆದರೆ ಅದು ನಾನು ಬಿಚ್ಚುವ ಗುಟ್ಟಲ್ಲ.

ಯಜಮಾನರು ತಮ್ಮ ಲೋಟ ಮುಂದೆ ಚಾಚಿದರು.

“ಸಕ್ಕರೆ ಹಾಕ್ರಿ ಅಕ್ಕಾ. ನನಗೆ ಸಕ್ಕರೆ ಕಾಯಿಲೆ ಇಲ್ಲ. ನಿಮ್ ತಮ್ಮಂಗೆ ಆಗಿರೋದೇ ನನಗೂ ಆಗಿತ್ತು. ನಾಳೆ ಕರ್ಕೊಂಬರ್ರಿ, ಸಾಲಿನಾಗೆ ನಾನೇ ಜೊತೆಗೆ ನಿಂತ್ಕತೀನಿ.”

ಆಕೆ ನನ್ನ ಮುಖ ನೋಡಿದಳು. ಆಮೇಲೆ ಡಬ್ಬಿ ತೆಗೆದು ಎರಡು ಚಮಚ ಹಾಕಿ, ಇಷ್ಟು ಸಾಕಾ ಎಂದು ಅವರನ್ನು ಕೇಳಿದಳು.