ತೂಕದ ಮನೆಯ ಕಂಪ್ಯೂಟರಿಗೆ ಜೀವ ಕೊಟ್ಟ ಸುಂದರಾಬಾಯಿ

ಜನವರಿಯ ಚಳಿ, ಬೆಳಗಿನ ಆರೂವರೆ. ಕೃಷ್ಣಾ ದಂಡೆಯ ಸಕ್ಕರೆ ಕಾರ್ಖಾನೆಯೊಂದರ ಗೇಟಿನಿಂದ ದೊಡ್ಡ ರಸ್ತೆಯವರೆಗೂ ಕಬ್ಬಿನ ಗಾಡಿಗಳು ನಿಂತಿವೆ. ನಿನ್ನೆ ಸಂಜೆಯಿಂದ ಸಾಲು ಸರಿದಿಲ್ಲ. ತೂಕದ ಮನೆಯ ಪುಟ್ಟ ಕೋಣೆಯಲ್ಲಿ ಅಥಣಿಯ ಸುಂದರಾಬಾಯಿ ಶಾಲು ತೆಗೆದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಪ್ಯೂಟರಿನ ತಗಡಿನ ಪೆಟ್ಟಿಗೆಯ ಮುಚ್ಚಳ ಬಿಚ್ಚುತ್ತಿದ್ದಾರೆ.

ಈ ಹಂಗಾಮಿನಿಂದ ಇಲ್ಲಿ ಗಾಡಿಯ ತೂಕ ಮೂಡುವುದು ಕಂಪ್ಯೂಟರಿನ ಪರದೆಯ ಮೇಲೆ. ಹಳೆಯ ಮುಳ್ಳಿನ ತಕ್ಕಡಿ ಕಿತ್ತು ಹಾಕಿದ್ದಾರೆ. ಪರದೆ ಹತ್ತದಿದ್ದರೆ ತೂಕವಿಲ್ಲ, ತೂಕವಾಗದೆ ಗಾಡಿ ಒಳಗೆ ಹೋಗುವಂತಿಲ್ಲ. ಕಡಿದ ಕಬ್ಬು ನಿಂತಲ್ಲೇ ಒಣಗಿ ಹಗುರಾಗುತ್ತದೆ. ನಿನ್ನೆ ಮಧ್ಯಾಹ್ನ ಹೊರ ಊರಿನ ಮೆಕ್ಯಾನಿಕ್ ಒಬ್ಬ ಬಂದು, ಕೆಟ್ಟಿದ್ದ ಮದರ್‌ಬೋರ್ಡ್ ತೆಗೆದು ಹೊಸದು ಕೂರಿಸಿ ಹೋಗಿದ್ದ. ಎರಡು ತಾಸು ನಡೆದ ಯಂತ್ರ ಮತ್ತೆ ನಿಂತಿದೆ. ಗುಂಡಿ ಒತ್ತಿದರೆ ಒಳಗಿನ ಫ್ಯಾನ್ ಒಮ್ಮೆ ಮಿಸುಕುತ್ತದೆ, ಅಷ್ಟೇ.

ಬೈಗುಳವೆಲ್ಲ ಗುಮಾಸ್ತ ಭೀಮಸಿಯ ಪಾಲಿಗೆ ಬಂದಿದೆ. “ಹೊಸಾ ಬೋರ್ಡ್ ಸುಟ್ಟಾನ್ರಿ. ಅದರ ಮ್ಯಾಲೆ ಚಹಾ ಚೆಲ್ಲಿರಬೇಕು,” ಎನ್ನುತ್ತಾರೆ ಮೇಲ್ವಿಚಾರಕ ಬಾಬಾಸಾಹೇಬ. ಇಂದಿನಿಂದ ಕೆಲಸಕ್ಕೆ ಬರಬೇಡ ಎಂದು ಹೇಳಿಯೂ ಆಗಿದೆ. ಭೀಮಸಿ ಮಾತ್ರ ಮನೆಗೆ ಹೋಗಿಲ್ಲ. ಬಾಗಿಲ ಹೊರಗೆ ಕೈಕಟ್ಟಿ ನಿಂತಿದ್ದಾರೆ.

ಸುಂದರಾಬಾಯಿ ಬೋರ್ಡಿನ ಹತ್ತಿರ ಮೂಗು ಒಯ್ದು ನೋಡುತ್ತಾರೆ. “ಸುಟ್ಟ ವಾಸನಿ ಇಲ್ರಿ. ಚಹಾದ ಕಲಿನೂ ಇಲ್ಲ. ತಡೀರಿ, ನೋಡೂಣು.”

ಫ್ಲಾಪಿಯ ವೈರು ಕೀಳುತ್ತಾರೆ, ಗುಂಡಿ ಒತ್ತುತ್ತಾರೆ. ಹಾರ್ಡ್ ಡಿಸ್ಕಿನದು ಕೀಳುತ್ತಾರೆ, ಮತ್ತೆ ಒತ್ತುತ್ತಾರೆ. ಮೆಮೊರಿಯನ್ನು ಹೊರತೆಗೆದು, ಅದರ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸುತ್ತಾರೆ. ಫ್ಯಾನ್ ಮಿಸುಕುತ್ತದೆ, ನಿಲ್ಲುತ್ತದೆ. ಕೊನೆಗೆ ಬೋರ್ಡನ್ನೇ ಎತ್ತಿ ಮೇಜಿನ ಮೇಲೆ ರಟ್ಟು ಹಾಸಿ ಇಡುತ್ತಾರೆ. ಕರೆಂಟು ಕೊಟ್ಟೊಡನೆ ಫ್ಯಾನ್ ಗಿರ್ರನೆ ತಿರುಗುತ್ತದೆ. ‘ಪೀಂ’ ಎಂಬ ಸದ್ದು.

“ಹೊರಗ ಬದುಕತೈತಿ, ಒಳಗ ಸಾಯತೈತಿ. ಅಂದ್ರ ಬ್ಯಾನಿ ಬೋರ್ಡಿಂದಲ್ರಿ, ಪೆಟಗೀದು.”

ಖಾಲಿ ಪೆಟ್ಟಿಗೆಯ ತಳದಲ್ಲಿ ಬೆರಳಾಡಿಸಿದಾಗ ಸಿಗುತ್ತದೆ, ಜೋಳದ ಕಾಳಿಗಿಂತ ತುಸು ದೊಡ್ಡದಾದ ಒಂದು ಹಿತ್ತಾಳೆಯ ತಿರುಪು ಮೊಳೆ, ಬೋರ್ಡನ್ನು ಕೂರಿಸಲು ತಳಕ್ಕೆ ಬಿಗಿಯುವಂಥದ್ದು. ಹಳೆಯ ಬೋರ್ಡಿಗೆ ಅಲ್ಲೊಂದು ತೂತಿತ್ತು, ಹೊಸದಕ್ಕೆ ಇಲ್ಲ. ಮೆಕ್ಯಾನಿಕ್ ಅದನ್ನು ತೆಗೆಯಲು ಮರೆತಿದ್ದಾನೆ. ಲೋಡು ತುಂಬಿದ ಟ್ರಕ್ಕು ತೂಕದ ಕಟ್ಟೆ ಏರಿದಾಗಲೆಲ್ಲ ಈ ಕೋಣೆ ನಡುಗುತ್ತದೆ. ನಡುಗಿ ನಡುಗಿ ಬೋರ್ಡಿನ ತಳ ಮೊಳೆಗೆ ತಾಗಿದೆ, ತಾಗಿದ್ದೇ ಕರೆಂಟು ತಾನಾಗಿ ಕಡಿದುಕೊಂಡಿದೆ. ಸುಂದರಾಬಾಯಿ ಮೊಳೆ ತಿರುವಿ ತೆಗೆದು, ಬೋರ್ಡನ್ನು ಮತ್ತೆ ಒಳಗೆ ಕೂರಿಸುತ್ತಾರೆ. ಏಳೂಕಾಲಿಗೆ ಪರದೆಯ ಮೇಲೆ ಅಂಕಿ ಮೂಡುತ್ತವೆ.

“ಭಾರಿ ಕೆಲಸ ಮಾಡಿದ್ರಿ ಬಾಯಾರ. ಬರ್ರಿ, ಚಹಾ ಕುಡಿಯೂಣು,” ಎನ್ನುತ್ತಾರೆ ಬಾಬಾಸಾಹೇಬ.

“ಚಹಾ ಆಮ್ಯಾಲ್ರಿ ಸಾಹೇಬ್ರ. ಮದಲ ಭೀಮಸಿಗೆ ಒಂದ ಮಾತ ಹೇಳ್ರಿ. ಎಲ್ಲಾರ ಮುಂದ ಬೈದೀರಿ, ಎಲ್ಲಾರ ಮುಂದನ ಹೇಳ್ರಿ.”

ಬಾಬಾಸಾಹೇಬ ಸುಂದರಾಬಾಯಿಯ ಅಂಗೈ ಮೇಲಿನ ಮೊಳೆಯನ್ನು ನೋಡುತ್ತಾರೆ. ಆಮೇಲೆ ಬಾಗಿಲಿಗೆ ಹೋಗಿ, ಗಾಡಿಯವರಿಗೆಲ್ಲ ಕೇಳುವಂತೆ ಕೂಗುತ್ತಾರೆ: “ಭೀಮಸಿ, ಬಾರಪಾ, ಕುರ್ಚಿ ಮ್ಯಾಲೆ ಕೂಡು. ನಿಂದೇನೂ ತಪ್ಪಿಲ್ಲ.” ಭೀಮಸಿ ಒಳಗೆ ಬರುತ್ತಾರೆ. ಮೊದಲ ಗಾಡಿಯ ನಂಬರು ಒತ್ತುವಾಗ ಎರಡು ಸಲ ತಪ್ಪುತ್ತಾರೆ.

ಹಿಂದಿರುಗುವ ಬಸ್ಸಿನಲ್ಲಿ ಸುಂದರಾಬಾಯಿ, ವರದಿಗೆಂದು ಜೊತೆಗೆ ಬಂದ ನನಗೆ ತಮ್ಮ ಕತೆ ಹೇಳುತ್ತಾರೆ. ಹುಟ್ಟಿದ್ದು ಸತ್ತಿಯ ಒಕ್ಕಲು ಮನೆತನದಲ್ಲಿ, ಮದುವೆಯಾಗಿ ಬಂದದ್ದು ಅಥಣಿಗೆ. ೧೯೮೪ರಲ್ಲಿ ವಿರುಪಾಕ್ಷಪ್ಪ ಮಾಸ್ತರರ ಟೈಪಿಂಗ್ ಶಾಲೆಗೆ ಕಲಿಯಲು ಹೋದವರು, ಅಲ್ಲೇ ಟೈಪ್‌ರೈಟರ್ ಬಿಚ್ಚಿ ಜೋಡಿಸುವ ಕೆಲಸ ಹಿಡಿದರು. ೧೯೯೩ರಲ್ಲಿ ಶಾಲೆಗೊಂದು ಕಂಪ್ಯೂಟರ್ ಬಂತು. ಅದಕ್ಕೂ ಒಮ್ಮೆ ಬೋರ್ಡ್ ಬದಲಿಸಬೇಕಾಯಿತು. ಕರೆಂಟಿನ ಎರಡು ಕೊಂಡಿಗಳನ್ನು ಇವರು ಅದಲು ಬದಲು ಸಿಕ್ಕಿಸಿದರು.

“ಕರೀ ವೈರ್ ಕರೀ ವೈರಿನ ಬಾಜೂಕ ಬರಬೇಕ್ರಿ. ನಾ ಉಲ್ಟಾ ಹಾಕಿದ್ನಿ. ಹೊಗಿ ಬಂತು. ಹೆಣ್ಮಕ್ಕಳ ಕೈಯಾಗ ಯಾಕ ಕೊಟ್ರಿ ಅಂತ ಮಂದಿ ಮಾಸ್ತರಿಗೆ ಬೈದ್ರು. ಎಂಟ ದಿನ ನಾ ಮನಿ ಬಿಟ್ಟು ಹೊರಗ ಬರಲಿಲ್ಲ. ಮಾಸ್ತರ ತಾವ ಮನೀಗೆ ಬಂದ್ರು. ‘ಬೋರ್ಡ್ ಹೋತು, ನೀ ಎಲ್ಲಿ ಹೋದೆವ್ವಾ?’ ಅಂದ್ರು.” ಅಷ್ಟು ಹೇಳಿ ಅವರು ಕಿಟಕಿಯ ಕಡೆ ತಿರುಗುತ್ತಾರೆ.

ಇವತ್ತು ಚಿಕ್ಕೋಡಿ, ರಾಯಬಾಗ, ಅಥಣಿ ತಾಲ್ಲೂಕುಗಳ ಅರವತ್ತಮೂರು ಕಂಪ್ಯೂಟರುಗಳು ಕೆಟ್ಟಾಗ ಇವರನ್ನೇ ಕಾಯುತ್ತವೆ. ದಿನಕ್ಕೆ ಎರಡು ಊರು, ನಾಲ್ಕು ಬಸ್ಸು. ನಿಪ್ಪಾಣಿಯಲ್ಲಿ ತಂಬಾಕಿನ ಧೂಳು ಕೂತು ಫ್ಯಾನ್ ಹಿಡಿಯುತ್ತದೆ, ಸಕ್ಕರೆ ಕಾರ್ಖಾನೆಗಳಲ್ಲಿ ಇರುವೆ ಮನೆ ಮಾಡುತ್ತವೆ. ಕಾಗವಾಡದ ಕಚೇರಿಯೊಂದರಲ್ಲಿ ಈಗಲೂ ಮೊದಲು ಕೇಳುವುದು, “ಮೆಕ್ಯಾನಿಕ್ ಎಲ್ಲಿ ಅದಾನ್ರಿ?” ಎಂದು. ಇವರು ಸ್ಕ್ರೂಡ್ರೈವರ್ ತೆಗೆಯುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

“ಮನೀಗೊಂದು ಫೋನ್ ಬೇಕ್ರಿ. ಅರ್ಜಿ ಹಾಕಿ ಎರಡ ವರ್ಷ ಆತು. ನಂಬರ್ ಬಂದ್ರ ಎಲ್ಲಾ ತೂಕದ ಮನಿ ಗ್ವಾಡಿ ಮ್ಯಾಲೆ ನಾನ ಹೋಗಿ ಬರದ ಬರ್ತೀನಿ. ಕಂಪ್ಯೂಟರ್ ನಿಂತ್ರ ಯಾರನ್ನೂ ಬೈಬ್ಯಾಡ್ರಿ, ಮದಲ ನನಗೊಂದು ಫೋನ್ ಹಚ್ಚರಿ ಅಂತ.”